ಶಕ್ತಿಮಾನ್‌ನ ತೊಡೆ ಎಲ್ಲಿದೆ?

ಶಕ್ತಿಮಾನ್‌ನನ್ನು ಚಾಂಪಿಯನ್ ರೀಫ್ ಗಣಿಯ ತಳಕ್ಕೆ ಇಳಿಸಿದರೆ ಅವನ ಶಕ್ತಿ ಉಳಿಯುತ್ತದೋ, ಹೋಗುತ್ತದೋ? ತೊಂಬತ್ತರ ದಶಕದ ಕೊನೆಯಲ್ಲಿ ಕೆಜಿಎಫ್ ಮತ್ತು ಬಂಗಾರಪೇಟೆಯ ನಮ್ಮಂಥ ಹುಡುಗರಿಗೆ ಇದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಬೇರೆ ಊರಿನ ಮಕ್ಕಳಿಗೆ ಗಣಿಯ ತಳವೆಂದರೆ ಪಾತಾಳದಂಥದ್ದೊಂದು ಕಲ್ಪನೆ. ಇಲ್ಲಿ ಅದು ಅಪ್ಪನೋ ತಾತನೋ ಕೇಜಿನಲ್ಲಿ ನಿಂತು ಇಳಿದು, ಪಾಳಿ ಮುಗಿಸಿ ಹತ್ತಿ ಬಂದ ಜಾಗ. ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಕೆಳಗಿನ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಶಕ್ತಿಮಾನ್ ಸೂರ್ಯಾಂಶಿಗಳ ಪರಂಪರೆಯವನು, ಕುಲದ ಹೆಸರಿನಲ್ಲೇ ಸೂರ್ಯನಿದ್ದಾನೆ. ಅಷ್ಟು ಬಂಡೆಯ ಅಡಿಯಲ್ಲಿ ಸೂರ್ಯನಿಗೇನು ಕೆಲಸ? ಆದ್ದರಿಂದ ಅಲ್ಲಿ ಅವನು ಬರೀ ಗಂಗಾಧರ. ಇದು ನಮ್ಮ ಥಿಯರಿ.

ಆ ಧಾರಾವಾಹಿ ನೋಡದವರಿಗೆ ಎರಡು ಮಾತು. 1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ಶುರುವಾದ 'ಶಕ್ತಿಮಾನ್' 2005ರ ಮಾರ್ಚ್‌ವರೆಗೆ, ನಾನೂರಕ್ಕೂ ಹೆಚ್ಚು ಕಂತು ನಡೆಯಿತು. ನಾಯಕ ಮುಕೇಶ್ ಖನ್ನಾ. ಹಗಲಲ್ಲಿ ಅವನು ದಪ್ಪ ಕನ್ನಡಕದ, ಉಬ್ಬುಹಲ್ಲಿನ ಪತ್ರಿಕಾ ಛಾಯಾಗ್ರಾಹಕ ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ. ಅಪಾಯ ಬಂತೆಂದರೆ ಬುಗುರಿಯಂತೆ ಗಿರ್ರನೆ ತಿರುಗಿ ಶಕ್ತಿಮಾನ್ ಆಗುತ್ತಾನೆ. ಅವನ ಬಲ ಬಂದದ್ದು ಬೇರೆ ಗ್ರಹದಿಂದಲ್ಲ, ಜೇಡ ಕಚ್ಚಿದ್ದರಿಂದಲೂ ಅಲ್ಲ. ಧ್ಯಾನದಿಂದ ಕುಂಡಲಿನಿಯನ್ನು ಎಬ್ಬಿಸಿ, ಏಳು ಚಕ್ರಗಳನ್ನು ಸಾಧಿಸಿ ಪಡೆದದ್ದು. ಎದುರಾಳಿ ತಮರಾಜ್ ಕಿಲ್ವಿಶ್, ಜಗತ್ತಿನಲ್ಲಿ ಕತ್ತಲೆಯೇ ಇರಬೇಕೆಂದು ಹಟ ಹಿಡಿದವನು. ಇಷ್ಟಾದರೂ ಆ ಧಾರಾವಾಹಿ ತನ್ನ ನಾಯಕನಿಗೆ ಸೂಪರ್‌ಮ್ಯಾನ್‌ನ ಹಸಿರು ಕಲ್ಲಿನಷ್ಟು ಹೆಸರಾದ ದೌರ್ಬಲ್ಯವೊಂದನ್ನು ಕೊಡಲಿಲ್ಲ. ಆ ಖಾಲಿ ಜಾಗ ತುಂಬುವ ಕೆಲಸ ಮಕ್ಕಳ ಮೇಲೆ ಬಿತ್ತು.

ಸೂರ್ಯನ ಥಿಯರಿಗೆ ಮೊದಲ ಪೆಟ್ಟು ಬಿದ್ದದ್ದು ಬಂಗಾರಪೇಟೆಯವರಿಂದಲೇ. "ರಾತ್ರಿ ಹೊತ್ತೂ ಹಾರ್ತಾನಲ್ಲೋ, ಆಗ ಸೂರ್ಯ ಎಲ್ಲಿರ್ತಾನೆ?" ಉತ್ತರ ಬಂದದ್ದು ಗಣಿ ಕಾರ್ಮಿಕರ ಲೈನ್ ಮನೆಯ ಹುಡುಗನಿಂದ: "ಕ್ಯಾಪ್ ಲ್ಯಾಂಪ್ ಥರ ಮಚ್ಚಾ. ಮೇಲೆ ಚಾರ್ಜ್ ಮಾಡ್ಕೊಂಡು ಕೆಳಗೆ ಇಳಿಯೋದು." ಗಣಿ ಕಾರ್ಮಿಕ ಪಾಳಿಗೆ ಹೋಗುವ ಮುಂಚೆ ಲ್ಯಾಂಪ್ ರೂಮಿನಲ್ಲಿ ದೀಪ ಪಡೆಯುತ್ತಾನೆ. ಟೋಪಿಯ ಮೇಲೆ ದೀಪ, ಸೊಂಟದ ಬೆಲ್ಟಿಗೆ ಬ್ಯಾಟರಿ, ನಡುವೆ ಬೆನ್ನಿನ ಮೇಲೆ ಹಾದುಹೋಗುವ ವೈರು. ಒಂದು ಪಾಳಿಗೆ ಸಾಕಾಗುವಷ್ಟು ಚಾರ್ಜ್ ಇರುತ್ತದೆ, ಹಿಂದಿರುಗಿ ಬಂದ ಮೇಲೆ ಮತ್ತೆ ಚಾರ್ಜಿಗೆ. ಹಾಗಾದರೆ ಶಕ್ತಿಮಾನ್‌ನನ್ನು ಸೋಲಿಸಲು ಗಣಿಗೆ ಇಳಿಸಿದರೆ ಸಾಲದು, ಎಂಟು ಗಂಟೆಗಿಂತ ಹೆಚ್ಚು ಹೊತ್ತು ಅಲ್ಲೇ ಕೂಡಿಹಾಕಬೇಕು. ಈ ತಿದ್ದುಪಡಿಯ ಮುಂದೆ ಬಂಗಾರಪೇಟೆ ತಲೆಬಾಗಿತು.

ಇನ್ನೊಂದು ಪಂಗಡ ಇತ್ತು. ಅವರ ಪ್ರಕಾರ ಗುಟ್ಟು ಇರುವುದು ತಿರುಗುವುದರಲ್ಲಿ. ಗಂಗಾಧರನಿಗೆ ತಿರುಗಲು ಜಾಗವೇ ಸಿಗದಂತೆ ಮಾಡಿದರೆ? ಕೇಜಿನಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ, ಕೈ ಎತ್ತಲೂ ಆಗದು. ಅಂದರೆ ಎರಡೂ ಪಂಗಡದವರು ಕೊನೆಗೆ ಅವನನ್ನು ಅದೇ ಶಾಫ್ಟಿಗೆ ತಂದು ನಿಲ್ಲಿಸಿದ್ದರು. ಒಂದು ಊರಿನ ಮಕ್ಕಳು ತಮ್ಮ ವೀರನನ್ನು ಕೊಲ್ಲಲು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದರಲ್ಲೇ ಆ ಊರಿನ ಅರ್ಧ ಚರಿತ್ರೆ ಇರುತ್ತದೆ ಎಂದು ನನಗೆ ಆಮೇಲಾಮೇಲೆ ಅನ್ನಿಸಿದೆ.

ಇದನ್ನೆಲ್ಲ ಈಗಿನವರು ಫ್ಯಾನ್ ಥಿಯರಿ ಎನ್ನುತ್ತಾರೆ. ಕಥೆ ಬರೆದವನು ಹೇಳದೆ ಬಿಟ್ಟದ್ದನ್ನು, ಕಥೆಯೊಳಗಿನ ಸಾಕ್ಷ್ಯವನ್ನೇ ಹಿಡಿದು ನೋಡುಗ ಊಹಿಸುವುದು. ಹೊಸ ಕಾಲದ ಚಟ ಎಂದು ಹಿರಿಯರು ಮೂಗು ಮುರಿಯುತ್ತಾರೆ. ವೀರರ ದೌರ್ಬಲ್ಯದ ಮಟ್ಟಿಗಂತೂ ಇದು ಬಹಳ ಹಳೆಯ ಉದ್ಯೋಗ. ಎಲ್ಲ ಕಡೆಯೂ ವೀರ ಮೊದಲು ಹುಟ್ಟುತ್ತಾನೆ. ಅವನ ದೌರ್ಬಲ್ಯ ಆಮೇಲೆ ಹುಟ್ಟುತ್ತದೆ, ಬಹುಮಟ್ಟಿಗೆ ಕೇಳುಗರ ಬಾಯಲ್ಲಿ.

ದುರ್ಯೋಧನನ ತೊಡೆಯನ್ನೇ ತೆಗೆದುಕೊಳ್ಳಿ. ಗಾಂಧಾರಿ ಜೀವಮಾನದಲ್ಲಿ ಒಮ್ಮೆ ಕಣ್ಣಿನ ಪಟ್ಟಿ ಬಿಚ್ಚಿ ಮಗನನ್ನು ನೋಡಿದಳು, ದೃಷ್ಟಿ ಬಿದ್ದ ಕಡೆಯೆಲ್ಲ ಮೈ ವಜ್ರವಾಯಿತು, ಕೃಷ್ಣನ ಕುಚೋದ್ಯಕ್ಕೆ ನಾಚಿ ಬಾಳೆಲೆ ಸುತ್ತಿಕೊಂಡಿದ್ದರಿಂದ ತೊಡೆ ಮಾತ್ರ ಉಳಿಯಿತು ಎಂಬ ಕಥೆ ನಮಗೆಲ್ಲ ಗೊತ್ತು. ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಧಾರಾವಾಹಿಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇವೆ. ವ್ಯಾಸ ಭಾರತದಲ್ಲಿ ಮಾತ್ರ ಈ ಪ್ರಸಂಗ ಇಲ್ಲ. ಅಲ್ಲಿರುವುದು ಸಭೆಯಲ್ಲಿ ಭೀಮ ಮಾಡಿದ ಶಪಥ, ಮೈತ್ರೇಯ ಋಷಿಯ ಶಾಪ. ಇವೆರಡರ ಜತೆಗೆ ವನಪರ್ವದಲ್ಲಿ, ಉಪವಾಸ ಬಿದ್ದು ಸಾಯಲು ಕೂತ ದುರ್ಯೋಧನನಿಗೆ ದಾನವರು ಹೇಳುವ ಒಂದು ವಿಚಿತ್ರ ಮಾತಿದೆ: ಅವನ ದೇಹದ ಮೇಲಿನ ಅರ್ಧ ವಜ್ರಗಳಿಂದ ಆದದ್ದು, ಕೆಳಗಿನ ಅರ್ಧವನ್ನು ದೇವಿ ಹೂಗಳಿಂದ ಮಾಡಿದ್ದು. ಕಾವ್ಯ ಇಷ್ಟೆಲ್ಲ ಕೊಟ್ಟರೂ ಕೇಳುಗರಿಗೆ ಸಾಲಲಿಲ್ಲ. ಹೂವಿನ ತೊಡೆಯ ಬದಲು ತಾಯಿಯ ಕಣ್ಣು, ಮಗನ ನಾಚಿಕೆ ಎರಡನ್ನೂ ತಂದು ತಮ್ಮದೇ ಕಾರಣ ಕಟ್ಟಿದರು. ಆ ಕಾರಣ ಎಷ್ಟು ಚೆನ್ನಾಗಿ ಕೂತಿತೆಂದರೆ ಮೂಲದ್ದು ಮರೆತೇಹೋಯಿತು. ನನ್ನ ಲೆಕ್ಕದಲ್ಲಿ ಇದಕ್ಕಿಂತ ಯಶಸ್ವಿ ಫ್ಯಾನ್ ಥಿಯರಿ ಇನ್ನೊಂದಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಆ ತೊಡೆ ಪುಸ್ತಕದ ಮಾತೂ ಅಲ್ಲ. ಚಿನ್ನದ ಗಣಿಗೆ ದುಡಿಯಲು ಬಂದ ಕುಟುಂಬಗಳಲ್ಲಿ ಬಹಳಷ್ಟು ಉತ್ತರ ಆರ್ಕಾಟು, ಚಿತ್ತೂರು, ಧರ್ಮಪುರಿ ಸೀಮೆಯವು. ಆ ಸೀಮೆಯ ದ್ರೌಪದಮ್ಮನ ಗುಡಿಗಳಲ್ಲಿ ಭಾರತದ ಉತ್ಸವವೆಂದರೆ ದಿನಗಟ್ಟಲೆ ಕಥಾಪಾರಾಯಣ, ರಾತ್ರಿಯಿಡೀ ತೆರುಕ್ಕೂತ್ತು, ಕೊನೆಗೊಂದು ಬೆಳಿಗ್ಗೆ ದುರ್ಯೋಧನನ ವಧೆ. ಬಯಲಿನಲ್ಲಿ ಮಣ್ಣಿನ ದುರ್ಯೋಧನನನ್ನು ಅಂಗಾತ ಮಲಗಿಸಿರುತ್ತಾರೆ. ಮನೆಗಿಂತ ಉದ್ದದ ದೇಹ, ತಟ್ಟೆಯಗಲದ ಕಣ್ಣು, ಹುರಿ ಮೀಸೆ, ಬಣ್ಣದ ಕಿರೀಟ. ಭೀಮನ ವೇಷದವನು ಅದರ ಸುತ್ತ ಓಡಿ, ಕೆಣಕಿ, ಕೂಗಿ, ಕೊನೆಗೆ ಗದೆ ಎತ್ತಿ ತೊಡೆಗೆ ಹೊಡೆಯುತ್ತಾನೆ. ಅಲ್ಲಿ ಮೊದಲೇ ಹೂತಿಟ್ಟ ಕೆಂಪು ನೀರು ಚಿಮ್ಮಿ ಬರುತ್ತದೆ, ದ್ರೌಪದಿಯ ಬಿಚ್ಚಿದ ಮುಡಿಗೆ ಅದೇ ಕೆಂಪು. ಆಮೇಲೆ ಜನ ಆ ಮಣ್ಣನ್ನು ಹಿಡಿಹಿಡಿ ಮನೆಗೆ ಒಯ್ಯುತ್ತಾರೆ. ರಜೆಗೆ ಅಜ್ಜಿಯ ಊರಿಗೆ ಹೋಗಿ ಇದನ್ನು ಕಂಡು ಬಂದ ಹುಡುಗ, ಟಿವಿಯಲ್ಲಿ ಯಾರ ಗುಂಡೂ ತಾಗದ ವೀರನನ್ನು ನೋಡಿದರೆ ಮೊದಲು ಕೇಳುವುದು ಒಂದೇ: ಇವನ ತೊಡೆ ಎಲ್ಲಿದೆ?

ಕನ್ನಡದಲ್ಲಿ ಈ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕೊಟ್ಟವನು ಸಾವಿರ ವರ್ಷದ ಹಿಂದಿನ ರನ್ನ. 'ಗದಾಯುದ್ಧ'ದಲ್ಲಿ ದುರ್ಯೋಧನ ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ಒಳಗೆ ಕೂತಿದ್ದಾನೆ. ಸುಮ್ಮನೆ ಕೂತಿದ್ದರೆ ಆ ದಿನ ಕಳೆಯುತ್ತಿತ್ತು. ಮೇಲೆ ದಡದಲ್ಲಿ ಭೀಮ ನಿಂತು ಬೈಯುತ್ತಾನೆ, ಅದನ್ನು ಇವನಿಂದ ತಾಳಲಾಗುವುದಿಲ್ಲ, ಎದ್ದು ಬರುತ್ತಾನೆ. ಗದೆ ಬಿದ್ದದ್ದು ತೊಡೆಗೇ ಇರಬಹುದು. ರನ್ನನನ್ನು ಓದಿದವರಿಗೆ ಗೊತ್ತು, ದುರ್ಯೋಧನನ ದೌರ್ಬಲ್ಯ ಇದ್ದದ್ದು ಕಿವಿಯಲ್ಲಿ.

ಗ್ರೀಕರ ಅಖಿಲೀಸನದೂ ಇದೇ ಕತೆ. ಹಿಮ್ಮಡಿಯೊಂದನ್ನು ಬಿಟ್ಟು ಮಿಕ್ಕ ಮೈಗೆ ಗಾಯವಾಗದು ಎಂಬ ಮಾತು ಹೋಮರನ 'ಇಲಿಯಡ್'ನಲ್ಲಿ ಇಲ್ಲ. ತಾಯಿ ಅವನನ್ನು ಹಿಮ್ಮಡಿ ಹಿಡಿದು ನದಿಯಲ್ಲಿ ಅದ್ದಿದ ಪ್ರಸ್ತಾಪ ಸಿಗುವುದು ಎಷ್ಟೋ ಶತಮಾನದ ಮೇಲೆ, ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಅಲ್ಲೂ ತಾಯಿ, ಇಲ್ಲೂ ತಾಯಿ. ಮಗನಿಗೆ ಪೂರ್ತಿ ಕವಚ ತೊಡಿಸಲು ಹೊರಟ ತಾಯಿಯ ಕೈಯೇ ಒಂದು ಕಡೆ ಅಡ್ಡ ಬರುವುದು ಜನರಿಗೆ ಯಾಕೆ ಅಷ್ಟು ಸರಿಯೆನಿಸುತ್ತದೆ ಎಂಬುದಕ್ಕೆ ನನ್ನಲ್ಲಿ ಥಿಯರಿ ಇದೆ, ಆದರೆ ಅದು ಬೇರೆಯೇ ಲೇಖನ.

ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಕಾಮಿಕ್ ಪುಸ್ತಕದಲ್ಲಿ. ಅವನನ್ನು ಮಲಗಿಸುವ ಕ್ರಿಪ್ಟೊನೈಟ್ ಬಂದದ್ದು ಐದು ವರ್ಷ ಬಿಟ್ಟು, ಅದೂ ಕಾಮಿಕ್ಸಿನಲ್ಲಿ ಅಲ್ಲ, 1943ರ ರೇಡಿಯೊ ಧಾರಾವಾಹಿಯಲ್ಲಿ. ಸೂಪರ್‌ಮ್ಯಾನ್‌ಗೆ ಧ್ವನಿ ಕೊಡುತ್ತಿದ್ದ ನಟನಿಗೆ ರಜೆ ಬೇಕಾದಾಗ, ನಾಯಕ ಕಲ್ಲಿನ ಪ್ರಭಾವಕ್ಕೆ ಸಿಕ್ಕಿ ನರಳುತ್ತಿದ್ದಾನೆ ಎಂದು ತೋರಿಸಿ ಬೇರೆಯವರಿಂದ ನರಳಿಸುತ್ತಿದ್ದರಂತೆ. ಕಾಮಿಕ್ಸಿಗೆ ಆ ಕಲ್ಲು ಕಾಲಿಟ್ಟದ್ದು 1949ರಲ್ಲಿ. ಆಮೇಲೆ ಬಗೆಬಗೆಯ ಬಣ್ಣದವು ಬಂದವು. 1962ರಲ್ಲಿ ಬಂದ ಬಂಗಾರದ ಬಣ್ಣದ ಕ್ರಿಪ್ಟೊನೈಟ್ ಎಲ್ಲಕ್ಕಿಂತ ಕ್ರೂರ. ಹಸಿರಿನದು ಹತ್ತಿರ ಇರುವಷ್ಟು ಹೊತ್ತು ನಿತ್ರಾಣಗೊಳಿಸುತ್ತದೆ, ಬಂಗಾರದ್ದು ಶಕ್ತಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತದೆ. ಬಂಗಾರ ಮನುಷ್ಯನ ಶಕ್ತಿಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತದೆ ಎನ್ನುವುದು ಗಣಿ ದೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡವರ ಮನೆಗಳಲ್ಲಿ ಹೊಸ ಸುದ್ದಿಯೇನಲ್ಲ.

ಕಲ್ಲಿನ ದೌರ್ಬಲ್ಯಕ್ಕೆ ಒಂದು ದೋಷವಿದೆ: ಬೇಗ ಸವೆಯುತ್ತದೆ. 2001ರಿಂದ 2011ರವರೆಗೆ ಹತ್ತು ಸೀಸನ್ ನಡೆದ 'ಸ್ಮಾಲ್‌ವಿಲ್' ಧಾರಾವಾಹಿಯಲ್ಲಿ ಆ ಹಸಿರು ಕಲ್ಲು ಊರ ತುಂಬ ಉಲ್ಕೆಯಾಗಿ ಉದುರಿರುತ್ತದೆ, ಯಾರ ಜೇಬಿನಲ್ಲಿ ನೋಡಿದರೂ ಒಂದು ಚೂರು. ಹೀಗಾದಾಗ ನೋಡುಗರು ಕಲ್ಲನ್ನು ಬಿಟ್ಟು ಬೇರೆ ಕಡೆ ಹುಡುಕತೊಡಗುತ್ತಾರೆ. ತಂದೆಯ ನೆನಪು, ಗುಟ್ಟು ಮುಚ್ಚಿಡುವ ಸಂಕಟ, ಪ್ರೀತಿಸಿದವಳಿಗೆ ಸುಳ್ಳು ಹೇಳಬೇಕಾದ ಕಷ್ಟ. ಅಂದರೆ ತೊಡೆಯಿಂದ ಕಿವಿಗೆ, ಅವರೂ ರನ್ನನ ದಾರಿಗೇ ಬರುತ್ತಾರೆ.

ಶಕ್ತಿಮಾನ್ ವಿಷಯದಲ್ಲಿ ಒಂದು ಸ್ವಾರಸ್ಯವಿದೆ, ಆಗ ನಮ್ಮ ಮನೆಯ ಹಿರಿಯರು ಮಾತ್ರ ಗಮನಿಸಿದ್ದು. ಮುಕೇಶ್ ಖನ್ನಾ ಅದಕ್ಕೂ ಮೊದಲು ಚೋಪ್ರಾ ಅವರ 'ಮಹಾಭಾರತ'ದ ಭೀಷ್ಮ. ಕಿಲ್ವಿಶ್ ಆಗಿದ್ದ ಸುರೇಂದ್ರ ಪಾಲ್ ಅದರಲ್ಲೇ ದ್ರೋಣ. ಭಾನುವಾರ ಮಧ್ಯಾಹ್ನ ಮಕ್ಕಳು ಬೆಳಕು ಕತ್ತಲೆಯ ಜಗಳ ನೋಡುತ್ತಿದ್ದರೆ, ಪಕ್ಕದಲ್ಲಿ ಕೂತ ಅಜ್ಜಿಗೆ ಕಾಣುತ್ತಿದ್ದದ್ದು ಒಂದೇ ಸೇನೆಯ ಇಬ್ಬರು ಸೇನಾಪತಿಗಳು ಕಿತ್ತಾಡುವುದು. ಮಹಾಭಾರತದಲ್ಲಿ ಈ ಇಬ್ಬರಿಗೂ ಒಂದು ಸಮಾನ ಗುಣವಿದೆ. ಇಬ್ಬರೂ ತಮ್ಮನ್ನು ಕೊಲ್ಲುವ ಉಪಾಯವನ್ನು ತಾವೇ ಹೇಳಿಕೊಟ್ಟವರು. ಯುದ್ಧದ ಒಂಬತ್ತನೆಯ ದಿನದ ರಾತ್ರಿ ಪಾಂಡವರು ಶಿಬಿರಕ್ಕೆ ಹೋಗಿ ಕೈಮುಗಿದು ಕೇಳಿದಾಗ, ಶಿಖಂಡಿಯನ್ನು ಮುಂದಿಟ್ಟುಕೊಂಡು ಬನ್ನಿ ಎಂದು ಭೀಷ್ಮ ಹೇಳುತ್ತಾನೆ. ದ್ರೋಣನೋ, ಯುದ್ಧ ಶುರುವಾಗುವ ಮೊದಲೇ, ನಂಬಬಹುದಾದ ಮನುಷ್ಯನ ಬಾಯಿಂದ ತೀರ ಅಪ್ರಿಯವಾದದ್ದು ಕೇಳಿದರೆ ತಾನು ಆಯುಧ ಕೆಳಗಿಡುತ್ತೇನೆ ಎಂದು ಧರ್ಮರಾಯನಿಗೆ ತಿಳಿಸಿರುತ್ತಾನೆ. ಅಶ್ವತ್ಥಾಮ ಸತ್ತನೆಂಬ ಮಾತು ಧರ್ಮರಾಯನ ಬಾಯಲ್ಲೇ ಏಕೆ ಬರಬೇಕಾಯಿತು ಎಂಬುದಕ್ಕೆ ವಿವರಣೆ ಅಲ್ಲಿದೆ. ಪಶ್ಚಿಮದ ವೀರರು ತಮ್ಮ ದೌರ್ಬಲ್ಯವನ್ನು ಸೀಸದ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ನಮ್ಮವರು ಕೇಳಿದವರಿಗೆ ಹೇಳಿಬಿಡುತ್ತಾರೆ.

ಇನ್ನು ಭಾಷೆಯ ವಿಷಯ. ಕೆಜಿಎಫ್‌ನ ಒಂದೇ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ, ದಖನಿ ಎಲ್ಲ ಕೇಳಿಸುತ್ತಿತ್ತು. ಧಾರಾವಾಹಿ ಮಾತ್ರ ಹಿಂದಿಯಲ್ಲಿ. ಆ ಕಾಲದಲ್ಲಿ ಕನ್ನಡಕ್ಕೆ ಡಬ್ಬಿಂಗ್ ಎನ್ನುವಂತಿರಲಿಲ್ಲ. ಅದನ್ನು ತಡೆಯುವುದು ಸಲ್ಲದೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ, ಮಹಾಭಾರತದಂಥ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಮನೆಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ. ಹೀಗಾಗಿ ಮನೆಯಲ್ಲಿ ದಖನಿ ಆಡುವ ಹುಡುಗನೇ ಬೀದಿಗೆಲ್ಲ ದುಭಾಷಿ. ಅವನಿಗೆ ಗೊತ್ತಾಗದ ಸಂಸ್ಕೃತ ಬೆರೆತ ಹಿಂದಿ ಬಂದಾಗ ತೋಚಿದ್ದನ್ನು ಹೇಳುತ್ತಿದ್ದ, ನಾವು ನಂಬುತ್ತಿದ್ದೆವು. ಮಾತು ಅರ್ಧ ತಿಳಿಯದಿದ್ದರೆ ಕಣ್ಣು ಚುರುಕಾಗುತ್ತದೆ. ಯಾವ ಕೈ ಮೇಲೆ, ಎದೆಯ ಮೇಲಿನ ಚಿನ್ನದ ಬಣ್ಣದ ಗುರುತು ಯಾವಾಗ ಹೊಳೆಯಿತು, ಗಂಗಾಧರನ ಕನ್ನಡಕ ತಿರುಗುವಾಗ ಎಲ್ಲಿ ಹೋಯಿತು ಎಂಬುದನ್ನು ನಮ್ಮಷ್ಟು ಗಮನಿಸಿದವರು ಹಿಂದಿ ಚೆನ್ನಾಗಿ ಬಲ್ಲ ಊರುಗಳಲ್ಲಿ ಇದ್ದಿರಲಾರರು.

ಬಂಗಾರಪೇಟೆಯವರಿಗೆ ಊಹೆಯ ಕಲೆ ಹೇಗೂ ಹೊಸದಲ್ಲ. ಇಲ್ಲಿನ ಪಾನಿಪುರಿಯ ಪಾನಿ ಬೇರೆ ಕಡೆಯಂತೆ ಹಸಿರಾಗಿರುವುದಿಲ್ಲ, ಕುಡಿಯುವ ನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಅದರೊಳಗೆ ಏನಿದೆ ಎಂಬ ಬಗ್ಗೆ ಊರಿನ ಪ್ರತಿ ಮನೆಯಲ್ಲೂ ಒಂದೊಂದು ಥಿಯರಿ ಇದೆ, ಪ್ರತಿಯೊಬ್ಬರೂ ಉಳಿದವರದು ತಪ್ಪು ಎನ್ನುತ್ತಾರೆ.

ಗಣಿಯ ತಳಕ್ಕೆ ಇಳಿದರೆ ಶಕ್ತಿ ಕುಗ್ಗುತ್ತದೆ ಎಂಬ ನಮ್ಮ ವಾದಕ್ಕೆ ಭೌತವಿಜ್ಞಾನದ ಬೆಂಬಲವಿತ್ತು ಎಂಬುದು ಆಗ ಗೊತ್ತಿರಲಿಲ್ಲ. ಅಮೆರಿಕದ ಕಾಮಿಕ್ಸಿನಲ್ಲಿ 1961ರಲ್ಲಿ ಹುಟ್ಟಿದ 'ಫೆಂಟಾಸ್ಟಿಕ್ ಫೋರ್' ವೀರರಿಗೆ ಶಕ್ತಿ ಬಂದದ್ದು ವಿಶ್ವಕಿರಣಗಳಿಂದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದೇ ವಿಶ್ವಕಿರಣಗಳ ಬೆನ್ನು ಹತ್ತಿ ನಮ್ಮ ಗಣಿಯೊಳಗೆ ಇದ್ದರು. ಹೋಮಿ ಭಾಭಾ ಅವರ ಸೂಚನೆಯಂತೆ ಬಿ.ವಿ. ಶ್ರೀಕಂಠನ್ ಐವತ್ತರ ದಶಕದ ಆರಂಭದಲ್ಲೇ ಉಪಕರಣ ಹೊತ್ತು ಇಲ್ಲಿಗೆ ಬಂದಿದ್ದರು. ಆಳಕ್ಕೆ ಹೋದಷ್ಟೂ ಕಿರಣಗಳು ವಿರಳವಾದವು, ಬಂಡೆ ಅವನ್ನು ಹಂತಹಂತವಾಗಿ ಹೀರಿಕೊಳ್ಳುತ್ತಿತ್ತು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಅವುಗಳ ಗದ್ದಲ ಎಷ್ಟು ಅಡಗಿತೆಂದರೆ, ನೆಲದ ಮೇಲೆ ಕೇಳದ ಒಂದು ಪಿಸುಮಾತು ಕೇಳಿಸಿತು. 1965ರಲ್ಲಿ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರ ಜತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತನ್ನು ಇಲ್ಲಿ ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು. ನ್ಯೂಟ್ರಿನೊ ಇಡೀ ಭೂಮಿಯನ್ನೇ ಹಾದುಹೋಗಬಲ್ಲದು, ಯಾವ ಬಂಡೆಗೂ ಬಗ್ಗುವುದಿಲ್ಲ. ಮಕ್ಕಳ ಭಾಷೆಯಲ್ಲಿ ಹೇಳಿದರೆ ವೀಕ್ ಪಾಯಿಂಟೇ ಇಲ್ಲದ ಹೀರೊ ಅದೊಂದೇ.

ಆದರೂ ನಮ್ಮ ಥಿಯರಿಯ ಬೇರು ವಿಜ್ಞಾನದಲ್ಲಿ ಇರಲಿಲ್ಲ, ಕರೆಂಟಿನಲ್ಲಿತ್ತು. ಬೆಂಗಳೂರಿಗಿಂತ ಮೂರು ವರ್ಷ ಮೊದಲು, 1902ರಲ್ಲಿ, ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದದ್ದು ಈ ಗಣಿಗಳಿಗಾಗಿ. ಕೇಜು ಎತ್ತಲು, ಗಾಳಿ ತಳ್ಳಲು, ನೀರು ಹೊರಹಾಕಲು ಎಲ್ಲಕ್ಕೂ ಅದೇ. ಬಂಡೆ ಸಿಡಿಯುವುದು, ಹಳಬರ ಬಾಯಲ್ಲಿ ಏರ್‌ಬ್ಲಾಸ್ಟ್, ಗಣಿಯ ಹೆದರಿಕೆಯಾಗಿತ್ತೇ ಹೊರತು ಅದರ ಸಾವಾಗಿರಲಿಲ್ಲ. ಪಂಪು ನಿಂತರೆ ಸಾಕು, ಗಣಿ ಹೋಯಿತು ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಹಾಗಾಗಿ ಶಕ್ತಿಮಾನ್ ಎದುರು ನಿಂತಾಗಲೂ ಅವನಿಗೆ ಏನು ತಾಗೀತು ಎಂದು ನಾವು ಕೇಳಲಿಲ್ಲ. ಅವನಿಗೆ ಸಪ್ಲೈ ಎಲ್ಲಿಂದ, ಆ ತಂತಿ ಎಲ್ಲಿ ಕತ್ತರಿಸಬಹುದು ಎಂದು ಕೇಳಿದೆವು. ಕ್ರಿಪ್ಟೊನೈಟ್ ಹುಡುಕುವವರು ವಿಷ ಹುಡುಕುತ್ತಾರೆ, ಕೆಜಿಎಫ್ ಹುಡುಗರು ಪವರ್ ಹೌಸ್ ಹುಡುಕುತ್ತಿದ್ದರು. (ಧಾರಾವಾಹಿಯ ನಿಜವಾದ ಶತ್ರು ಕಿಲ್ವಿಶ್ ಅಲ್ಲ, ಭಾನುವಾರದ ಕರೆಂಟ್ ಕಟ್ ಎಂದವರೂ ಇದ್ದರು. ತಪ್ಪೇನಿಲ್ಲ.)

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಪಂಪುಗಳು ನಿಂತವು, ಶಾಫ್ಟುಗಳಲ್ಲಿ ನೀರು ಏರಿತು. ಆ ವರ್ಷ ಶಕ್ತಿಮಾನ್ ಇನ್ನೂ ನಡೆಯುತ್ತಲೇ ಇತ್ತು, ಇನ್ನೂ ನಾಲ್ಕು ವರ್ಷ ನಡೆಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆ ಹಾದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಿಂದ ಮುಂಜಾನೆಯ ರೈಲು ತುಂಬತೊಡಗಿತು. ಗಣಿಗೆ ಇಳಿಸಿ ಶಕ್ತಿಮಾನ್‌ನನ್ನು ಸೋಲಿಸುವ ಥಿಯರಿ ಆಮೇಲೆ ಯಾರ ಬಾಯಲ್ಲೂ ಬಂದ ನೆನಪಿಲ್ಲ. ಇಳಿಸುವುದಕ್ಕೆ ಕೇಜೇ ಇಲ್ಲವಲ್ಲ.

ಈ ಆಟಕ್ಕೆ ಒಂದು ಕರಾಳ ಬದಿಯೂ ಇತ್ತು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಅಪಾಯಕ್ಕೆ ಇಳಿದ ಸುದ್ದಿಗಳು ಆಗ ದೇಶದ ಪತ್ರಿಕೆಗಳಲ್ಲಿ ಬಂದವು. ಅವೆಲ್ಲ ಧಾರಾವಾಹಿಯಿಂದಲೇ ಆದವೇ ಎಂಬುದು ವಿವಾದವಾಗಿಯೇ ಉಳಿಯಿತು. ಮುಕೇಶ್ ಖನ್ನಾ ತಾವೇ ತೆರೆಯ ಮೇಲೆ ಬಂದು ಹಾಗೆ ಮಾಡಬೇಡಿ ಎಂದು ಮಕ್ಕಳಿಗೆ ಹೇಳಬೇಕಾಯಿತು. ಆಗ ಟಿವಿಯನ್ನೇ ಬಂದ್ ಮಾಡಬೇಕೆಂದ ಹಿರಿಯರಿದ್ದರು. ನನಗೆ ತೋರುವುದು ಬೇರೆ. ವೀರನ ಬಲವನ್ನು ಮಾತ್ರ ನಂಬಿದ ಮಗುವಿಗೆ ಅಪಾಯ ಹೆಚ್ಚು. ಅವನು ಎಲ್ಲಿ ಸೋಲುತ್ತಾನೆಂದು ದಿನಾ ಜಗಳವಾಡುವ ಮಗು ಛಾವಣಿಯಿಂದ ಹಾರುವ ಮೊದಲು ನಾಲ್ಕು ಪ್ರಶ್ನೆಯನ್ನಾದರೂ ಕೇಳೀತು.

ಈಗಿನ ಹುಡುಗರಿಗೆ ಊರಿನ ಹೆಸರನ್ನೇ ಹೊತ್ತ ವೀರ ಸಿಕ್ಕಿದ್ದಾನೆ. 2018 ಮತ್ತು 2022ರಲ್ಲಿ ಬಂದ ಪ್ರಶಾಂತ್ ನೀಲ್ ಅವರ ಎರಡು 'ಕೆಜಿಎಫ್' ಚಿತ್ರಗಳ ರಾಕಿಗೆ ಅಲೌಕಿಕ ಶಕ್ತಿ ಇಲ್ಲ ಎಂದು ಚಿತ್ರ ಹೇಳುತ್ತದೆ, ಅವನು ಮಾಡುವುದನ್ನು ನೋಡಿದರೆ ನಂಬುವುದು ಕಷ್ಟ. ಕೊನೆಗೆ ಚಿನ್ನದ ಸಮೇತ ಸಮುದ್ರದಲ್ಲಿ ಮುಳುಗಿದ ಅವನು ಸತ್ತನೋ ಬದುಕಿದನೋ ಎಂಬ ಬಗ್ಗೆ ಹುಟ್ಟಿದ ಊಹೆಗಳಿಗೆ ಲೆಕ್ಕವಿಲ್ಲ. ಜಲಾಂತರ್ಗಾಮಿ ಬಂದು ಎತ್ತಿಕೊಂಡಿತು ಎನ್ನುವವರಿದ್ದಾರೆ, ಕಥೆ ಹೇಳುವ ಪತ್ರಕರ್ತನೇ ಪೂರ್ತಿ ನಿಜ ಹೇಳಿಲ್ಲ ಎನ್ನುವವರಿದ್ದಾರೆ. ಎರಡನೆಯವರ ವಾದ ನನಗೆ ಹೆಚ್ಚು ಇಷ್ಟ. ಅವನ ದೌರ್ಬಲ್ಯದ ಬಗ್ಗೆ ಮಾತ್ರ ಚರ್ಚೆಗೆ ಜಾಗವಿಲ್ಲ, ತಾಯಿಗೆ ಕೊಟ್ಟ ಮಾತು ಎಂದು ಚಿತ್ರವೇ ಕೂಗಿ ಹೇಳುತ್ತದೆ. ನೋಡುಗನಿಗೆ ಏನನ್ನೂ ಬಿಡದ ಕಥೆ ಅದೊಂದು ವಿಷಯದಲ್ಲಿ ಸ್ವಲ್ಪ ಜಿಪುಣ.

ಮೊಬೈಲಿನಲ್ಲಿ 'ದಿ ಬಾಯ್ಸ್' ಧಾರಾವಾಹಿ ನೋಡುವವರ ಮೆಚ್ಚಿನ ಚರ್ಚೆ ಅದರ ಸೂಪರ್‌ಹೀರೊ ಹೋಮ್‌ಲ್ಯಾಂಡರ್‌ನದು. ಎಲ್ಲವನ್ನೂ ತೂರಿ ನೋಡಬಲ್ಲ ಅವನ ಕಣ್ಣಿಗೆ ಸತುವಿನ ತಗಡು ಮಾತ್ರ ಅಡ್ಡ. ಸೈನೈಡ್ ದ್ರಾವಣದಲ್ಲಿ ಕರಗಿದ ಚಿನ್ನವನ್ನು ಮತ್ತೆ ಹೊರಗೆ ಬೀಳಿಸುವುದಕ್ಕೂ ಸತುವನ್ನೇ ಬಳಸುತ್ತಿದ್ದರು. ಊರ ಮಧ್ಯೆ ಗುಡ್ಡಗಳಾಗಿ ನಿಂತಿರುವ ಸೈನೈಡ್ ದಿಬ್ಬಗಳು ಆ ಕೆಲಸ ಮುಗಿದ ಮೇಲೆ ಉಳಿದ ಪುಡಿ. ಈ ನಂಟನ್ನು ಯಾರಾದರೂ ಥಿಯರಿಯಾಗಿ ಬೆಳೆಸುತ್ತಾರೇನೋ ಎಂದು ಕಾಯುತ್ತಿದ್ದೇನೆ.

2022ರ ಫೆಬ್ರವರಿಯಲ್ಲಿ ಸೋನಿ ಪಿಕ್ಚರ್ಸ್ ಶಕ್ತಿಮಾನ್‌ನನ್ನು ದೊಡ್ಡ ಪರದೆಗೆ ತರುವುದಾಗಿ ಘೋಷಿಸಿತು, ಅದೂ ಮೂರು ಚಿತ್ರಗಳಾಗಿ. ಆ ಸುದ್ದಿ ಓದಿದಾಗ ನನಗೆ ಮೊದಲು ಬಂದ ಚಿಂತೆ ಯಾವ ನಟ ಎಂಬುದಲ್ಲ, ಯಾವ ದೌರ್ಬಲ್ಯ ಎಂಬುದು. ಹೊಳೆಯುವ ಕಲ್ಲೊಂದನ್ನು ತಂದು ಅವನ ಎದುರು ಇಟ್ಟರೆ ನಮ್ಮ ಬೀದಿಯವರು ಟಿಕೆಟ್ ಹಣ ವಾಪಸ್ ಕೇಳಬೇಕು. ನನ್ನದೇ ಒಂದು ಥಿಯರಿ ಇದೆ. ಶಕ್ತಿಮಾನ್ ಸುಳ್ಳು ಹೇಳಲಾರ. ಮಕ್ಕಳು ತಪ್ಪು ಮಾಡಿ 'ಸಾರಿ ಶಕ್ತಿಮಾನ್' ಎನ್ನುವ ಭಾಗವನ್ನೇ ಇಟ್ಟುಕೊಂಡ ಧಾರಾವಾಹಿಯ ನಾಯಕ ಅವನು. ಭೀಷ್ಮನ ಮುಖ ಹೊತ್ತವನು ಬೇರೆ. ಕಿಲ್ವಿಶ್ ಸೈನ್ಯ ಕಟ್ಟುವ ಬದಲು ಒಂದು ಮಗುವನ್ನು ಕಳಿಸಿ, ನಿನ್ನನ್ನು ಹೇಗೆ ಸೋಲಿಸಬಹುದು ಎಂದು ಕೇಳಿಸಿದ್ದರೆ, ಅವನು ಬಗ್ಗಿ ಕೂತು ಹೇಳಿಬಿಡುತ್ತಿದ್ದ.

ಇದನ್ನು ಹೆಮ್ಮೆಯಿಂದ ಅಕ್ಕನ ಮಗನ ಮುಂದೆ ಇಟ್ಟೆ. ಹತ್ತನೆಯ ತರಗತಿ, ಮಾತಿಗೆ ಮುಂಚೆ ಆಕ್ಷೇಪ. "ಮಾವ, ಹಾಗಾದ್ರೆ ಗಂಗಾಧರ ಯಾರು? ದಿನಾ ಸುಳ್ಳು ಹೇಳ್ಕೊಂಡೇ ಓಡಾಡ್ತಾವ್ನಲ್ಲ?"

ವೇಷ ಸುಳ್ಳಲ್ಲ ಕಣೋ, ಬಾಯಲ್ಲಿ ಆಡಿದರೆ ಮಾತ್ರ ಸುಳ್ಳು ಎಂದೆ. ಅಜ್ಞಾತವಾಸದಲ್ಲಿ ಧರ್ಮರಾಯ ಕಂಕನಾಗಿರಲಿಲ್ಲವೇ?

"ಕಂಕ ತಾನು ಧರ್ಮರಾಯನ ಸ್ನೇಹಿತ ಅಂದಿದ್ದ. ಅದು ಬಾಯಲ್ಲೇ ಆಡಿದ್ದಲ್ವಾ?"

ಹುಡುಗ ಚೆನ್ನಾಗಿಯೇ ಓದಿದ್ದಾನೆ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನೀನು ಶಕ್ತಿಮಾನಾ ಎಂದು ಯಾರಾದರೂ ನೇರವಾಗಿ ಕೇಳಿದಾಗ ಗಂಗಾಧರ ಒಮ್ಮೆಯಾದರೂ ಇಲ್ಲ ಎಂದಿದ್ದರೆ ನನ್ನ ಥಿಯರಿ ಬಿದ್ದಂತೆ. ಮಾತು ತಪ್ಪಿಸಿದ್ದರೆ, ಕನ್ನಡಕ ಸರಿಮಾಡಿಕೊಂಡು ಬೇರೇನೋ ಹರಟಿದ್ದರೆ, ಉಳಿದಂತೆ. ಅವನು ಮೊದಲ ಕಂತಿನಿಂದ ನೋಡಲು ಶುರು ಮಾಡಿದ್ದಾನೆ. ಪತ್ರಕರ್ತೆ ಗೀತಾ ವಿಶ್ವಾಸ್ ಗಂಗಾಧರನ ಕಡೆ ತಿರುಗಿದಾಗಲೆಲ್ಲ ನಿಲ್ಲಿಸಿ, ಹಿಂದೆ ಸರಿಸಿ, ಎರಡೆರಡು ಸಲ ಕೇಳಿಸಿಕೊಳ್ಳುತ್ತಾನೆ.